ಮುದುಡಿದ ಆರನೇ ಪಕಳೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳಿ ನೀವು ಇನ್ನಷ್ಟು ನಗುವುದು ಬೇಡ. ನನ್ನ ಅಣ್ಣನ ಮದುವೆಯ ಮಾತುಕತೆಯನ್ನು ಉಲ್ಲನ್ ಹೂವಿನ ಒಂದು ಪಕಳೆಗೆ ಕಟ್ಟಿ ನೇತುಹಾಕಿದ ಬುದ್ಧಿವಂತ ನಾನೇ. ಜಾತಕ ಕೂಡದೆ ಮುರಿದ ಸಂಬಂಧಗಳಿವೆ, ಬಂಗಾರದ ಮಾತು ಕೂಡದೆ ಮುರಿದವೂ ಇವೆ. ಬಾಗಿಲಿನ ತೋರಣದಲ್ಲಿ ಒಂದು ಪಕಳೆ ಸಣ್ಣದಾಯಿತೆಂದು ಸಂಬಂಧವನ್ನು ಮುರಿಯುವ ತನಕ ತಂದ ಕೀರ್ತಿ ಮಾತ್ರ ಇಡೀ ಸಿಂಧನೂರಿನಲ್ಲಿ ನನಗೊಬ್ಬನಿಗೇ ಸಲ್ಲಬೇಕು.

ನನ್ನ ಕಸುಬು ಬೇರೆಯವರ ದನಿ. ಊರಲ್ಲಿ ಮೈಕು ಕಟ್ಟಿಕೊಂಡು ತಿರುಗುವ ಪ್ರಚಾರದ ಆಟೋಗಳಿವೆಯಲ್ಲ, ಅವುಗಳ ಹೊಟ್ಟೆಯಲ್ಲಿ ಕೂತು ಕೂಗುವವನು ನಾನು. ಸೀರೆ ಅಂಗಡಿಗೆ ಜೇನಿನಂಥ ದನಿ, ಗೊಬ್ಬರದ ಅಂಗಡಿಗೆ ಗೌಡರ ದನಿ, ಕಣ್ಣು ತಪಾಸಣೆಯ ಶಿಬಿರಕ್ಕೆ ಮರುಕದ ದನಿ. ಬಿಡುವಿದ್ದಾಗ ಕಂಡಕ್ಟರು, ಹೆಡ್‌ಮಾಸ್ತರು, ನಮ್ಮ ಓಣಿಯ ಹೆಣ್ಣುಮಕ್ಕಳು, ಕೊನೆಗೆ ನಮ್ಮ ಅವ್ವ, ಎಲ್ಲರೂ ನನ್ನ ಗಂಟಲಲ್ಲಿ ಬಂದು ಹೋಗುತ್ತಾರೆ. “ಇಷ್ಟೆಲ್ಲಾ ದನಿ ತಗೀತಿಯಲ್ಲ, ನಿನ್ನ ಖರೇ ದನಿ ಯಾವ್ದಲೇ?” ಎಂದು ಅವ್ವ ಕೇಳಿದ್ದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಹಗಲೆಲ್ಲ ನಕಲು ಮಾಡುವವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಅಸಲು ಎದುರಿಗೇ ಬಂದು ನಿಂತರೂ ನಂಬಿಕೆ ಹುಟ್ಟುವುದಿಲ್ಲ. ಯಾರಾದರೂ “ಆರಾಮಾ?” ಎಂದರೆ ಸಾಕು, ಈ “ಆರಾಮಾ”ವನ್ನು ಇವನು ಯಾರಿಂದ ಎತ್ತಿಕೊಂಡು ಬಂದ ಎಂದು ನನ್ನ ಮನಸ್ಸು ತನಿಖೆಗೆ ಹೊರಡುತ್ತದೆ.

ಈ ರೋಗವನ್ನು ಹೊತ್ತುಕೊಂಡು ನಾನು ಅಣ್ಣನಿಗೆ ಹೆಣ್ಣು ನೋಡಲು ಹೋದೆ.

ನಮ್ಮ ಕಡೆ ಹೆಣ್ಣು ನೋಡಲು ಹೋದಾಗ ಹೆಣ್ಣಿಗಿಂತ ಮೊದಲು ಕಾಣುವುದು ಅವಳು ಹೆಣೆದ ಸಾಮಾನು. ಹಿಂದೆ ಹುಡುಗಿಯ ಬಾಯಿಂದ ಒಂದು ಹಾಡು ಹೇಳಿಸುತ್ತಿದ್ದರಂತೆ. ಈಗ ಹಾಡುವ ಕೆಲಸ ತೋರಣದ ಪಾಲಿಗೆ ಬಿದ್ದಿದೆ. ಬಾಗಿಲಿಗೆ ಕೊಕ್ಕೆಯ ಕಡ್ಡಿಯಲ್ಲಿ ಹೆಣೆದ ಕ್ರೋಶಾ ತೋರಣ, ಫ್ರಿಜ್ಜಿನ ಹಿಡಿಕೆಗೆ ಕ್ರೋಶಾ ಕೈಗವಸು, ನೀರಿನ ಫಿಲ್ಟರಿಗೆ ಕ್ರೋಶಾ ಲಂಗ, ಟಿ.ವಿ.ಯ ತಲೆಗೆ ಕ್ರೋಶಾ ಟೋಪಿ. ಟಿ.ವಿ. ಈಗ ರೊಟ್ಟಿಯಷ್ಟು ತೆಳ್ಳಗಾಗಿ ಗೋಡೆಗೆ ಅಂಟಿಕೊಂಡಿದೆ, ಟೋಪಿ ಕೂರಲು ತಲೆಯೇ ಇಲ್ಲ. ಆದರೂ ಹಿಂದಿನಿಂದ ಟೇಪು ಹಚ್ಚಿ ಕೂರಿಸಿರುತ್ತಾರೆ. ಬಂದವರು ಕೂತು, ನೀರು ಕುಡಿದು, ಅವಲಕ್ಕಿಯ ತಟ್ಟೆ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಒಬ್ಬರು ಕಣ್ಣೆತ್ತಿ ಬಾಗಿಲ ಕಡೆ ನೋಡಲೇಬೇಕು. ನೋಡಿದ ಕೂಡಲೇ ಹುಡುಗಿಯ ತಾಯಿ, “ಎಲ್ಲಾ ನಮ್ಮ ಹುಡುಗೀನ ಮಾಡ್ಯಾಳ್ರಿ” ಎನ್ನಬೇಕು. ಈ ವಾಕ್ಯವನ್ನು ನಾನು ಲಿಂಗಸುಗೂರಿನ ಧಾಟಿಯಲ್ಲೂ ಹೇಳಬಲ್ಲೆ, ಮಸ್ಕಿಯ ಧಾಟಿಯಲ್ಲೂ ಹೇಳಬಲ್ಲೆ. ನಾನು ಕೇಳಿದ ಮಟ್ಟಿಗೆ, ಲಿಂಗಸುಗೂರಿನಲ್ಲಿ “ಎಲ್ಲಾ” ಉದ್ದ, ಮಸ್ಕಿಯಲ್ಲಿ “ನಮ್ಮ ಹುಡುಗೀನ” ಉದ್ದ. ಸುಳ್ಳು ಎಲ್ಲಿ ಅಡಗಿ ಕೂತಿದೆ ಎಂದು ನಾನು ಆ ಉದ್ದದಲ್ಲೇ ಹುಡುಕುವವನು.

ಅಣ್ಣ ಶರಣಬಸವ ಮೋಟಾರು ರಿವೈಂಡಿಂಗ್ ಮಾಡುತ್ತಾನೆ. ಸುಟ್ಟ ಪಂಪ್‌ಸೆಟ್ಟಿನ ಹೊಟ್ಟೆ ಬಗೆದು, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೂರಿಸುವ ಕೆಲಸ. ಮೋಟಾರುಗಳ ಜೊತೆ ಮಾತಾಡಿದಷ್ಟು ಅವನು ಮನುಷ್ಯರ ಜೊತೆ ಮಾತಾಡಿದ್ದನ್ನು ನಾನು ಕಂಡಿಲ್ಲ. ಅವನಿಗೆ ನೋಡಿದ ಮೊದಲ ಹೆಣ್ಣು ಲಿಂಗಸುಗೂರಿನದು. ದೊಡ್ಡವರು ಮಳೆ, ಬೆಳೆ, ಬಸ್ಸು ಎಂದು ಮಾತಾಡುತ್ತಿದ್ದಾಗ ನನಗೆ ಮಾಡಲು ಕೆಲಸವಿರಲಿಲ್ಲ. ತೋರಣ ನೋಡುತ್ತ ಕೂತೆ. ಕೆಂಪು ಹೂವು, ಹಸಿರೆಲೆ, ನಡುವೆ ಬಿಳಿ ಮಣಿ. ಹೂವೊಂದಕ್ಕೆ ಆರು ಪಕಳೆ. ಐದು ಪಕಳೆ ಉಂಡು ತಿಂದು ದುಂಡಗಿದ್ದವು. ಆರನೆಯದು ಮಾತ್ರ ಮುದುಡಿಕೊಂಡು, ಗ್ರೂಪ್ ಫೋಟೋಕ್ಕೆ ಕಡೇ ಗಳಿಗೆಯಲ್ಲಿ ಓಡಿ ಬಂದವನ ಹಾಗೆ ಅರ್ಧ ಮುಖ ತೋರಿಸುತ್ತಿತ್ತು. ಒಂದು ಹೂವಿನಲ್ಲಲ್ಲ, ಎಲ್ಲ ಹೂವಿನಲ್ಲೂ ಹಾಗೇ. ಕೆಲವು ದಿನದ ಮೇಲೆ ಅವರಿಂದ ಉತ್ತರ ಬಂತು: “ಹುಡುಗ ಚೊಲೋ ಅದಾನ. ಆದ್ರ ಕೈ ಬಾಳ ಕರ್ರಗ ಅದಾವ.” ಅಣ್ಣ ಅವತ್ತಿನಿಂದ ಊಟಕ್ಕೆ ಮುಂಚೆ ಕೈಗೆ ಎರಡು ಸಲ ಸೋಪು ಹಚ್ಚತೊಡಗಿದ.

ಆಮೇಲೆ ಹೋದದ್ದು ಮಸ್ಕಿಗೆ. ಹುಡುಗಿಯ ಹೆಸರು ನಾಗವೇಣಿ. ಹೊಸ್ತಿಲು ದಾಟುವಾಗ ತಲೆಗೆ ಏನೋ ತಾಕಿತು. ಕತ್ತೆತ್ತಿ ನೋಡಿದರೆ ಕೆಂಪು ಹೂವು, ಹಸಿರೆಲೆ, ಬಿಳಿ ಮಣಿ. ಐದು ದುಂಡು ಪಕಳೆ, ಆರನೆಯದು ಮುದುಡಿಕೊಂಡದ್ದು. ನನ್ನೊಳಗಿನ ತನಿಖಾಧಿಕಾರಿ ಎದ್ದು ನಿಂತು ಬೆಲ್ಟು ಬಿಗಿದುಕೊಂಡ. ಲಿಂಗಸುಗೂರಿನ ತೋರಣ ಮಸ್ಕಿಗೆ ಹೇಗೆ ಬಂತು? ಕೂತಲ್ಲೇ ಒಂದು ಸಿದ್ಧಾಂತ ಕಟ್ಟಿದೆ: ಈ ಸೀಮೆಯಲ್ಲಿ ಇರುವುದು ಒಂದೇ ತೋರಣ. ಹೆಣ್ಣು ನೋಡುವವರು ಯಾವ ಊರಿಗೆ ಬರುತ್ತಾರೋ ಆ ಊರಿಗೆ ಅದು ಬೆಳಗಿನ ಬಸ್ಸಿಗೆ ಹೋಗಿ, ಬಾಗಿಲಿಗೆ ಏರಿ, “ನಮ್ಮ ಹುಡುಗೀನ ಮಾಡ್ಯಾಳ್ರಿ” ಕೇಳಿಸಿಕೊಂಡು, ಸಂಜೆಯ ಬಸ್ಸಿಗೆ ಮರಳುತ್ತದೆ.

ನಾನು ಹೀಗೆ ಘನ ಚಿಂತನೆಯಲ್ಲಿದ್ದಾಗ ಅಲ್ಲಿ ಬೇರೆಯೇ ಒಂದು ಘಟನೆ ನಡೆಯಿತು. ಅಣ್ಣ ಬಾಯಿ ಬಿಟ್ಟ! ತೋರಣವನ್ನೇ ದಿಟ್ಟಿಸುತ್ತಿದ್ದವನು ನಾಗವೇಣಿಯನ್ನು ಕೇಳಿದ:

“ಹೆಣಿಯುವಾಗ ನಡುವ ದಾರ ಹರದ್ರ ಏನ್ ಮಾಡ್ತೀರಿ?”

“ಗಂಟು ಹಾಕಿ, ಗಂಟು ಕಾಣಧಂಗ ಒಳಗ ಮುಚ್ತೀನ್ರಿ. ನಿಮ್ಮ ತಂತಿ ಹರದ್ರ?”

“ಬೆಸಿಗಿ ಹಾಕಿ ಮ್ಯಾಲ ನಳಿಗಿ ಹೊದಸ್ತೀನಿ.”

“ಹಂಗಾದ್ರ ಎರಡೂ ಒಂದಾ ಆತಲ್ರಿ,” ಎಂದಳು ಹುಡುಗಿ.

ಅಣ್ಣ ನಕ್ಕ. ಹೊಸದಾಗಿ ಸುತ್ತಿದ ಮೋಟಾರು ಮೊದಲ ಸಲ ಗುಂಯ್ ಎಂದಾಗ ನಗುವ ಹಾಗೆ ನಕ್ಕ. ಯಾವ ಮನುಷ್ಯನಾದರೂ ಅದನ್ನು ನೋಡಿ ಸುಮ್ಮನಿರಬೇಕಿತ್ತು. ನಾನು ಸುಮ್ಮನಿರಲಿಲ್ಲ.

ಮರಳುವಾಗ ಬಸ್ಸಿನಲ್ಲಿ ನನಗೆ ಒಂದು ನಗು ಗಿಟ್ಟಿಸುವ ಆಸೆ ಹುಟ್ಟಿತು. ಸೀರೆ ಅಂಗಡಿಯ ದನಿ ತೆಗೆದು ಕೂಗಿಯೇಬಿಟ್ಟೆ: “ಬಂಧುಗಳೇ! ಹೆಣ್ಣು ನೋಡುವ ಮನೆಗಳಿಗೆ ತೋರಣ ಬಾಡಿಗೆಗೆ ದೊರೆಯುತ್ತದೆ! ಬೆಳಿಗ್ಗೆ ಲಿಂಗಸುಗೂರು, ಮಧ್ಯಾಹ್ನ ಮಸ್ಕಿ! ಹುಡುಗಿ ನಿಮ್ಮದು, ತೋರಣ ನಮ್ಮದು!” ಹಿಂದಿನ ಸೀಟಿನವರು ಬಿದ್ದು ಬಿದ್ದು ನಕ್ಕರು. ಕಂಡಕ್ಟರೂ ನಕ್ಕ. ನಗದೆ ಉಳಿದವರು ಇಬ್ಬರು, ಅಣ್ಣ ಮತ್ತು ಅವ್ವ.

“ಏನಂದೀ?” ಎಂದಳು ಅವ್ವ. ಆಗಲಾದರೂ ಚೇಷ್ಟೆ ಎಂದು ಜಾರಿಕೊಳ್ಳಬಹುದಿತ್ತು. ನಾನು ಮುದುಡಿದ ಪಕಳೆಯ ಸಾಕ್ಷ್ಯವನ್ನು ವಿವರವಾಗಿ ಮಂಡಿಸಿದೆ. ಅವ್ವ ಪೂರಾ ಕೇಳಿ, ಸೆರಗಿನ ತುದಿಯನ್ನು ಬಿಗಿದುಕೊಂಡು ಹೇಳಿದಳು: “ತೋರಣಾನ ಕಡಾ ತಂದು ಕಟ್ಟಿದವ್ರು, ಹುಡುಗಿ ಗುಣಾನೂ ಅವತ್ತಿನ ಮಟ್ಟಿಗೆ ಕಡಾ ತಂದಿರಬೇಕು ತಗೋ.”

ಕಡ ತಂದ ಗುಣ! ಸಂಶಯ ಎಂಬುದು ನನ್ನಂಥವನ ಹತ್ತಿರ ಇದ್ದಾಗ ಬರೀ ಆಟದ ಸಾಮಾನು; ಅವ್ವಂದಿರ ಕೈಗೆ ಹೋದ ಕ್ಷಣವೇ ಅದು ಸಂಸಾರ ಹೂಡುತ್ತದೆ. ಮಸ್ಕಿಯವರಿಗೆ, “ಹಿರೇರನ್ನ ಕೇಳಿ ಹೇಳ್ತೀವಿ” ಎಂದು ಹೇಳಿ ಕಳಿಸಿದಳು. ನಮ್ಮ ಮನೆಯಲ್ಲಿ ಅವ್ವನಿಗಿಂತ ಹಿರಿಯರು ಅಪ್ಪ ಒಬ್ಬನೇ. ಅವನೋ ವಳಕಮದಿನ್ನಿಯ ಗದ್ದೆಯಲ್ಲಿ ಕಾಲುವೆ ನೀರಿನ ಸರದಿ ಕಾಯುತ್ತಿದ್ದ. ಫೋನಿನಲ್ಲಿ, “ನೀರು ಬಂದಾವ, ಆಮ್ಯಾಲ ಮಾತಾಡು” ಎಂದು ಇಟ್ಟುಬಿಟ್ಟ. ಮಸ್ಕಿಗೆ ಹೋಗಬೇಕಾದ ಉತ್ತರ ನಮ್ಮ ಅಡುಗೆಮನೆಯಲ್ಲೇ ಕೂತು ಹಳಸತೊಡಗಿತು.

ಅಣ್ಣ ನನ್ನ ಜೊತೆ ಮಾತು ಬಿಟ್ಟ. ಅವನು ಮೊದಲೇ ಮಾತಾಡುವವನಲ್ಲವಾದ್ದರಿಂದ ಅದು ನನಗೆ ಗೊತ್ತಾಗುವುದಕ್ಕೇ ಕೆಲವು ದಿನ ಹಿಡಿಯಿತು. ಕೊನೆಗೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ತಂತಿ ಸುತ್ತುತ್ತಲೇ, ತಲೆ ಎತ್ತದೆ ಹೇಳಿದ: “ಲೇ ಅಮರ್ಯಾ, ಲಿಂಗಸುಗೂರಿನವ್ರು ನನ್ನ ಕೈ ನೋಡಿ ಬ್ಯಾಡಂದ್ರು. ನೀ ಅಕಿ ಕೈ ನೋಡದನ ಬ್ಯಾಡನ್ನಾಕತ್ತೀ. ಯಾರು ಹೆಚ್ಚು ಕೆಟ್ಟವ್ರು?” ನಾನು ಯಾರ ದನಿಯಲ್ಲಿ ಉತ್ತರ ಕೊಡಲಿ ಎಂದು ಹುಡುಕುತ್ತಿರುವಾಗ ಅವನೇ ಮುಗಿಸಿದ: “ನೀ ಹಾಕಿದ ಗಂಟು ನೀನ ಬಿಚ್ಚು.”

ಗಂಟು ಬಿಚ್ಚಬೇಕಾದರೆ ಗಂಟು ಹಾಕುವುದು ಹೇಗೆಂದು ತಿಳಿಯಬೇಕು. ನಾನು ಕ್ರೋಶಾ ಕಲಿಯಲು ಹೊರಟೆ.

ಉಲ್ಲನ್ ದಾರದ ಅಂಗಡಿಯಲ್ಲೇ ಮೊದಲ ಅಪಮಾನ ಕಾದಿತ್ತು. “ಕೆಂಪ ಎರಡು ಉಂಡಿ, ಹಸಿರ ಒಂದು ಉಂಡಿ, ಒಂದು ಕ್ರೋಶಾ ಕಡ್ಡಿ ಕೊಡ್ರಿ,” ಎಂದೆ. ಅಂಗಡಿಯವರು ಕನ್ನಡಕದ ಮೇಲಿಂದ ನೋಡಿದರು.

“ಅಕ್ಕಗೋ, ತಂಗಿಗೋ?”

“ನನಗ್ರಿ.”

“ನಿನಗ?” ಎಂದು ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದರು. ಆಕೆ ಬಂದು ನನ್ನ ಮೀಸೆಯನ್ನೂ ಕೆಂಪು ಉಂಡೆಯನ್ನೂ ಸರದಿಯ ಮೇಲೆ ನೋಡಿದರು. “ಬಣ್ಣ ಬಿಡಂಗಿಲ್ಲಲ್ರಿ?” ಎಂದೆ. “ದಾರ ಬಿಡಂಗಿಲ್ಲ,” ಎಂದರು ಅಂಗಡಿಯವರು. ಹಾಗಾದರೆ ಬಣ್ಣ ಬಿಡುವವನು ನಾನು ಎಂದು ಅವರ ಗುಮಾನಿಯೇ? ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ.

ಫೋನಿನಲ್ಲಿ ಕಲಿಸುವ ವಿಡಿಯೋಗಳನ್ನು ಹಾಕಿದೆ. ಅವುಗಳಲ್ಲಿ ಎರಡು ಕೈ ಮಾತ್ರ ಕಾಣುತ್ತವೆ, ಮುಖ ಇಲ್ಲ. ಮುಖ ತೋರಿಸದೆ ಕಲಿಸುವವರನ್ನು ಹೇಗೆ ನಂಬುವುದು? ಹಿನ್ನೆಲೆಯಲ್ಲಿ ಕೊಳಲು ಬೇರೆ. ಬಳೆಯ ಸದ್ದನ್ನು ನಾನು ಬಾಯಲ್ಲಿ ತದ್ರೂಪು ಹೊರಡಿಸಿದೆ, ಕೈ ಮಾತ್ರ ಅಲುಗಲಿಲ್ಲ. ಆಗ ಈ ವಿದ್ಯೆ ಎಲ್ಲಿಂದ ಬಂತೆಂದು ಹುಡುಕಿದೆ. ನನಗೆ ಏನಾದರೂ ಬಾರದಿದ್ದಾಗ ಅದರ ಚರಿತ್ರೆ ಓದುವ ಚಟವಿದೆ. ಒಂದು ಕಡೆ ಇದು ಅರಬರದು ಎಂದಿತ್ತು, ಇನ್ನೊಂದು ಕಡೆ ಚೀನಾದ್ದು, ಮತ್ತೊಂದು ಕಡೆ ಯೂರೋಪಿನ ಸನ್ಯಾಸಿನಿಯರದು. ಎಲ್ಲರೂ ತಮ್ಮ ತಮ್ಮ ಬಾಗಿಲಿಗೆ ಕಟ್ಟಿಕೊಂಡು “ಎಲ್ಲಾ ನಮ್ಮ ಹುಡುಗೀನ ಮಾಡ್ಯಾಳ್ರಿ” ಎನ್ನುವವರೇ. ಮಸ್ಕಿಯ ಒಂದು ಮನೆಯ ಮೇಲೆ ಇಷ್ಟು ಗುಮಾನಿ ಪಟ್ಟವನು ದೇಶದೇಶಗಳನ್ನೇ ಸಾಲಾಗಿ ನಿಲ್ಲಿಸಬೇಕಾಯಿತಲ್ಲ ಎಂದು ಫೋನು ಮುಚ್ಚಿದೆ.

ಕೊನೆಗೆ ಗತಿಯಾದವರು ಪಕ್ಕದ ಮನೆಯ ಸುಗುಣಮ್ಮ. ಮನೆಯೊಳಗೆ ತೆಲುಗು, ಓಣಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಅವರ ದನಿಯನ್ನು ನಾನು ಓಣಿಯ ತುಂಬ ಆಡಿ ತೋರಿಸಿದ್ದೇನೆ, ಅದು ಅವರಿಗೂ ಗೊತ್ತು. ಆದ್ದರಿಂದ ಅವರು ಅಷ್ಟು ಸುಲಭವಾಗಿ ಕಲಿಸಲು ಒಪ್ಪಿದ್ದೇ ನನಗೆ ಸಂಶಯ ತಂದಿತು. ಕಾರಣ ಮೊದಲ ದಿನವೇ ತಿಳಿಯಿತು. ನಾನು ಬೆವರು ಸುರಿಸಿ ಒಂದು ಗೇಣು ಹೆಣೆದು ತೋರಿಸಿದರೆ, ಅವರು ದಾರದ ತುದಿ ಹಿಡಿದು, “ತೀಸೇಯ್! ಬಿಚ್ಚು!” ಎಂದು ಒಂದೇ ಎಳೆತಕ್ಕೆ ಸರ್ರನೆ ಬಿಚ್ಚುತ್ತಿದ್ದರು. ಎಷ್ಟು ವರ್ಷದ ಸೇಡೋ!

ಹೀಗೆ ಬಿಚ್ಚಿಸಿಕೊಂಡೇ ನನಗೊಂದು ಸಂಗತಿ ಹೊಳೆಯಿತು. ಮಗ್ಗದ ಬಟ್ಟೆಯಲ್ಲಿ ಸಾವಿರ ಎಳೆ ಅಡ್ಡಉದ್ದ ಹಾದಿರುತ್ತವೆ. ಕತ್ತರಿಸಿದರೂ ಅಂಚು ಸಿಬಿರೇಳುತ್ತದೆಯೇ ಹೊರತು ಬಟ್ಟೆ ಬಟ್ಟೆಯಾಗಿಯೇ ಇರುತ್ತದೆ. ಕ್ರೋಶಾದಲ್ಲಿ ಇರುವುದು ಒಂದೇ ದಾರ, ಅದರಲ್ಲಿ ಜೀವ ಇರುವುದು ಕಡ್ಡಿಯ ಮೇಲಿನ ಒಂದೇ ಕುಣಿಕೆಯಲ್ಲಿ. ಆ ಕುಣಿಕೆ ಜಾರಿ, ಯಾರೋ ತುದಿ ಎಳೆದರೆಂದರೆ ಹೂವು, ಎಲೆ, ತೋರಣ ಎಲ್ಲಾ ಹೋಗಿ ಮತ್ತೆ ಉಂಡೆ. ಮದುವೆಯ ಮಾತುಕತೆಯೂ ಹಾಗೇ ಒಂದೇ ಕುಣಿಕೆಯ ಮೇಲೆ ನಿಂತಿರುತ್ತದೆ. ಬಸ್ಸಿನಲ್ಲಿ ನಾನು ಎಳೆದದ್ದು ಯಾವುದರ ತುದಿಯನ್ನು ಎಂದು ಆಗ ಅರ್ಥವಾಯಿತು. ಅರ್ಥವಾದ ಕೂಡಲೇ ಇನ್ನೊಂದು ಕುಣಿಕೆ ಜಾರಿತು. “ತೀಸೇಯ್!” ಎಂದರು ಸುಗುಣಮ್ಮ.

ಮೊದಲ ಪಾಠ ಸರಪಳಿ: ಕುಣಿಕೆಯೊಳಗಿಂದ ಕುಣಿಕೆ ಎಳೆಯುತ್ತ ಹೋಗುವುದು. ನನ್ನ ಸರಪಳಿ ಎಷ್ಟು ಬಿಗಿಯಾಗಿತ್ತೆಂದರೆ ಅದರೊಳಗೆ ಕಡ್ಡಿಯಲ್ಲ, ಇರುವೆಯ ಮೀಸೆಯೂ ತೂರುತ್ತಿರಲಿಲ್ಲ. “ಏಮಯ್ಯಾ, ದಾರಾನ ಯಾಕೆ ಹಂಗೆ ಹಿಡಿತೀಯಾ ಕಳ್ಳನ್ನ ಹಿಡಿದಂಗೆ? ಸ್ವಲ್ಪ ನಂಬಬೇಕಯ್ಯಾ ಅದನ್ನ. ಎಲ್ಲಿಗೂ ಓಡಿ ಹೋಗಲ್ಲ,” ಎಂದರು ಸುಗುಣಮ್ಮ. ದಾರವನ್ನು ನಂಬುವುದು ಕಲಿಯಲು ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಸರಪಳಿಯ ಎರಡು ತುದಿ ಕೂಡಿಸಿ ಉಂಗುರ. ಆಮೇಲೆ ಕಂಬ: ಕಡ್ಡಿಗೆ ದಾರ ಸುತ್ತಿ, ಉಂಗುರದಲ್ಲಿ ತೂರಿಸಿ ಎಳೆದು, ಕುಣಿಕೆಗಳನ್ನು ಎರಡೆರಡಾಗಿ ಬಿಡಿಸಿಕೊಂಡರೆ ಒಂದು ಕಂಬ ನಿಲ್ಲುತ್ತದೆ. ಐದು ಕಂಬಕ್ಕೆ ಒಂದು ಪಕಳೆ, ಆರು ಪಕಳೆಗೆ ಒಂದು ಹೂವು. ನಾನು ಮಾತಿಗೆ ಗಮನ ಕೊಡುವುದು ಬಿಟ್ಟು ಸುಗುಣಮ್ಮನ ಬೆರಳನ್ನು, ದನಿಯನ್ನು ಹಿಡಿದ ಹಾಗೆಯೇ ಹಿಡಿದುಬಿಟ್ಟೆ. ಅವರ ಬೆರಳು ಏನು ಮಾಡಿದರೆ ನನ್ನ ಬೆರಳೂ ಅದನ್ನೇ. ಕೊನೆಗೊಂದು ದಿನ ಬಿಚ್ಚುವ ಪ್ರಸಂಗ ಬಾರದೆ ಇಡೀ ಹೂವು ಮುಗಿಯಿತು. ಅಂಗೈಯಲ್ಲಿಟ್ಟುಕೊಂಡು ಹೆಮ್ಮೆಯಿಂದ ನೋಡಿದೆ.

ಐದು ಪಕಳೆ ದುಂಡಗಿದ್ದವು. ಆರನೆಯದು ಮುದುಡಿಕೊಂಡಿತ್ತು.

ನನ್ನದೇ ಸಾಕ್ಷ್ಯದ ಪ್ರಕಾರ ಲಿಂಗಸುಗೂರಿನ ತೋರಣ, ಮಸ್ಕಿಯ ತೋರಣ ಎರಡನ್ನೂ ಹೆಣೆದವನು ನಾನೇ ಎಂದಾಯಿತು! ಕೂಗಿಕೊಂಡೆ. ಸುಗುಣಮ್ಮನ ಹೂವು ಕಸಿದು ನೋಡಿದರೆ ಅದರಲ್ಲೂ ಅದೇ ಮುದುಡು. “ಕಡೇ ಪಕಳೆಗೆ ಮೂರೇ ಕಂಬ ಅಲ್ವಾ? ನಮ್ಮ ಟೀಚರಮ್ಮ ಹಂಗೇ ಕಲಿಸಿದ್ದು,” ಎಂದರು ಅವರು, ಅದರಲ್ಲೇನು ಎಂಬಂತೆ.

ಸುಗುಣಮ್ಮ ಮದುವೆಗೆ ಮುಂಚೆ ಲಿಂಗಸುಗೂರಿನಲ್ಲಿದ್ದವರು. ಅಲ್ಲಿ ಒಂದು ಹೊಲಿಗೆ ಕ್ಲಾಸು. ಸುತ್ತಲಿನ ಊರುಗಳಿಂದೆಲ್ಲ ಹುಡುಗಿಯರು ಬರುತ್ತಿದ್ದರು, ಇವತ್ತಿಗೂ ಬರುತ್ತಾರೆ. ಕಲಿಸುವ ಟೀಚರಮ್ಮ ದಿನಾ ಮುದಗಲ್ಲಿನಿಂದ ಬಸ್ಸಿಗೆ ಬಂದುಹೋಗುವವರು. ಹೂವು ಹೆಣೆಯಲು ಶುರು ಮಾಡಿದರೆ ಐದು ಪಕಳೆ ಮುಗಿಯುವಷ್ಟರಲ್ಲಿ ಮುದಗಲ್ ಬಸ್ಸಿನ ಹೊತ್ತಾಗುತ್ತಿತ್ತು. ಟೀಚರಮ್ಮ ಒಂದು ಕಣ್ಣು ಕಿಟಕಿಯ ಮೇಲಿಟ್ಟು, ಆರನೆಯದಕ್ಕೆ ಮೂರೇ ಕಂಬ ಎಳೆದು, ದಾರ ಕತ್ತರಿಸಿ, ಚಪ್ಪಲಿ ಮೆಟ್ಟಿಕೊಂಡು ಓಡುತ್ತಿದ್ದರು. ಹುಡುಗಿಯರು ಕೈ ನೋಡಿ ಕಲಿಯುವವರು. ಅವಸರವನ್ನೂ ಸೇರಿಸಿ ಕಲಿತರು.

“ಒಂದು ದಿನ ಬಸ್ಸು ಕೆಟ್ಟು ನಿಂತಿತ್ತಯ್ಯಾ,” ಎಂದು ಸುಗುಣಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. “ಟೀಚರಮ್ಮ ಆರಾಮಾಗಿ ಕೂತು ಆರೂ ಪಕಳೆಗೆ ಐದೈದು ಕಂಬ ಹಾಕಿದ್ರು. ನಾವೆಲ್ಲಾ ಸೇರಿ, ‘ಟೀಚರ್, ಕಡೇದು ತಪ್ಪಾಗ್ಯಾದ’ ಅಂದ್ವಿ. ಪಾಪ, ಅವರಿಗೇ ಅನುಮಾನ ಬಂದು ಬಿಚ್ಚಿ ಮೂರು ಮಾಡಿದ್ರು.”

ನನಗೆ ನಗು ಬರಬೇಕಿತ್ತು, ಬದಲಿಗೆ ನೆಂಟಸ್ತನ ಕಂಡಿತು. ನಮ್ಮ ಶಾಲೆಯ ಹೆಡ್‌ಮಾಸ್ತರನ್ನು ನಾನು ಅವರ ಕೆಮ್ಮು ಸಹಿತ ಕಲಿತಿದ್ದೆ. ಎರಡು ಮಾತಿಗೊಂದು ಕೆಮ್ಮು. ಈಗ ಅವರ ಕೆಮ್ಮು ವಾಸಿಯಾಗಿದೆ. ಅವರು ಯಾವುದಾದರೂ ಕಾರ್ಯಕ್ರಮದಲ್ಲಿ ಮಾತಾಡಿದರೆ ಹಳೆಯ ವಿದ್ಯಾರ್ಥಿಗಳು, “ಸರ್‌ಗಿಂತ ಅಮರ್ಯಾನ ಚೊಲೋ ಮಾಡ್ತಾನ” ಎನ್ನುತ್ತಾರೆ. ಒಬ್ಬರ ಬಸ್ಸು ಇಡೀ ಸೀಮೆಯ ಹೂವಾಗುವುದು, ಒಬ್ಬರ ಕೆಮ್ಮು ನನ್ನ ಅನ್ನವಾಗುವುದು, ಎರಡೂ ಒಂದೇ ಹೆಣಿಗೆ.

ಆದರೆ ಅವ್ವನಿಗೆ ಸುಗುಣಮ್ಮನ ಒಂದು ಹೂವು ಸಾಲುವುದಿಲ್ಲವೆಂದು ನನಗೆ ಗೊತ್ತಿತ್ತು. ಸಾಕ್ಷ್ಯ ಗುಡ್ಡೆ ಹಾಕಬೇಕು. ಲಿಂಗಸುಗೂರು, ಮಸ್ಕಿಯ ಬಸ್ಸು ಹತ್ತಿ, ಓಣಿ ಓಣಿ ತಿರುಗಿ, ಕ್ರೋಶಾ ತೋರಣ ಕಂಡ ಬಾಗಿಲೆದುರು ನಿಂತು ಫೋಟೋ ಹೊಡೆಯತೊಡಗಿದೆ. ಎಲ್ಲಿ ನೋಡಿದರೂ ಟೀಚರಮ್ಮನ ಬಸ್ಸು ಹಿಡಿಯುವ ಅವಸರ ತೂಗುತ್ತಿತ್ತು! ಖುಷಿಯಲ್ಲಿ ನಾನು ಒಂದು ಸಣ್ಣ ವಿಷಯ ಮರೆತಿದ್ದೆ: ಹರೆಯದ ಗಂಡುಹುಡುಗನೊಬ್ಬ ಮಂದಿಯ ಬಾಗಿಲನ್ನು ಒಂದೊಂದಾಗಿ ದಿಟ್ಟಿಸಿ ಫೋಟೋ ತೆಗೆದುಕೊಂಡು ಹೋಗುವುದನ್ನು ಮಂದಿ ಬೇರೆ ರೀತಿಯಲ್ಲೂ ತಿಳಿಯಬಹುದು. ಮಸ್ಕಿಯಲ್ಲಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದ ಒಬ್ಬ ಅಜ್ಜಿ ಮೊರ ಕೆಳಗಿಟ್ಟಳು.

“ಯಾರಪಾ ನೀ? ಬಾಗಲಾ ಯಾಕ ನೋಡಾಕತ್ತೀ?”

“ತೋರಣ ನೋಡಾಕತ್ತೀನಿ ಬೇ ಯಮ್ಮಾ. ಪಕಳಿ ಎಣಸಾಕತ್ತೀನಿ.”

“ಏ, ಬರ್ರಿಲೇ ಇಲ್ಲೆ! ಮೀಸಿ ಬಂದಾವ, ಪಕಳಿ ಎಣಸ್ತಾನಂತ!”

ಖರೆಯನ್ನು ಹೇಳಿ ಸಿಕ್ಕಿಬೀಳುವ ಅನುಭವ ನನಗೆ ಅದೇ ಮೊದಲು. ನಾಲ್ಕು ಮಂದಿ ಸೇರಿದರು. ನನ್ನ ಬಗಲಚೀಲದಿಂದ ಕೆಂಪು ದಾರದ ಉಂಡೆ, ಕೊಕ್ಕೆಯ ಕಡ್ಡಿ ಹೊರಬಂದಾಗ ಅವರ ಗುಮಾನಿ ಇಳಿಯುವ ಬದಲು ಏರಿತು. “ಕೀಲಿ ತಗಿಯೋ ಕಡ್ಡಿ ಇದ್ದಂಗೈತಿ,” ಎಂದ ಒಬ್ಬ. ಹೇಗೋ ಕೈಮುಗಿದು ಬಸ್‌ಸ್ಟ್ಯಾಂಡ್ ಮುಟ್ಟಿದೆ. ಎಲ್ಲರನ್ನೂ ಸಂಶಯದಿಂದ ನೋಡುವವನು ಒಂದು ಸಲವಾದರೂ ಆ ನೋಟದ ಇನ್ನೊಂದು ತುದಿಯಲ್ಲಿ ನಿಲ್ಲಬೇಕು. ಬಹಳ ಸೆಕೆ ಅಲ್ಲಿ.

ಫೋಟೋಗಳನ್ನೆಲ್ಲ ಅವ್ವನ ಮುಂದೆ ಹರಡಿದೆ. ಅವ್ವ ಒಂದೊಂದೇ ನೋಡಿದಳು. “ಹಂಗಾರ ಎಲ್ಲಾರ ಪಕಳೀನೂ ಹಿಂಗ ಮುದುಡಿರ್ತಾವು?” ಎಂದಳು. “ಹೌದು ಬೇ ಯವ್ವಾ!” ಎಂದೆ, ಗೆದ್ದ ದನಿಯಲ್ಲಿ. ಅವ್ವ ಫೋನು ತಿರುಗಿ ಕೊಟ್ಟು ಹೇಳಿದಳು: “ಹಂಗಾರ ಯಾರ ಬೇಕಾದ್ರೂ ಮಾಡಿರಬಹುದಲ್ಲ.”

ಇದಕ್ಕೇನು ಹೇಳುತ್ತೀರಿ? ಸಾಕ್ಷ್ಯ ಇದ್ದಾಗ ಹುಟ್ಟಿದ ಸಂಶಯ ಸಾಕ್ಷ್ಯ ಸತ್ತ ಮೇಲೆ ಇನ್ನಷ್ಟು ದಷ್ಟಪುಷ್ಟವಾಯಿತು. ಅದಕ್ಕೆ ಮದ್ದು ಒಂದೇ ಎಂದು ಅವ್ವ ತೀರ್ಮಾನಿಸಿದಳು: ಹುಡುಗಿ ನಮ್ಮ ಕಣ್ಣೆದುರು ಒಂದು ಹೂವು ಹೆಣೆದು ತೋರಿಸಬೇಕು. “ಮಾನ ಹೋಗ್ತೈತಿ ಬೇ,” ಎಂದ ಅಣ್ಣ. “ಹೂವಾ ಹೆಣದ್ರ ಮಾನ ಯಾಕ ಹೋಗ್ತೈತಿ?” ಎಂದಳು ಅವ್ವ. ನಾನು ಅಷ್ಟರಲ್ಲಿ ಹೆಣೆದು ಮುಗಿಸಿದ್ದ ಮೊಳದುದ್ದದ ಒಂದು ತೋರಣವನ್ನು ಚೀಲಕ್ಕೆ ಹಾಕಿಕೊಂಡೆ. ತಪ್ಪೊಪ್ಪಿಗೆಯ ಕಾಣಿಕೆ ಎಂದುಕೊಳ್ಳಿ.

ಮಸ್ಕಿಯ ಮನೆಯಲ್ಲಿ ಈ ಸಲ ಅವಲಕ್ಕಿ ಬರಲಿಲ್ಲ, ಬರೀ ಚಹಾ ಬಂತು. ಅವರಿಗೂ ನಮ್ಮ ಮೇಲೆ ಅನುಮಾನ ಹುಟ್ಟಿದೆ ಎಂದು ನನಗೆ ಲೋಟದ ಅಳತೆಯಲ್ಲೇ ಗೊತ್ತಾಯಿತು. “ಮತ್ತೊಮ್ಮಿ ಬಂದ್ರಲ್ಲ, ಬಾಳ ಚೊಲೋ ಆತ್ರಿ,” ಎಂದರು ನಾಗವೇಣಿಯ ತಾಯಿ, ಚೊಲೋ ಆಗದ ದನಿಯಲ್ಲಿ. ಅವ್ವ ಅತ್ತಿತ್ತ ಸುಳಿದು ಕೊನೆಗೆ ಹೇಳಿಯೇಬಿಟ್ಟಳು: “ತಪ್ಪು ತಿಳ್ಕೋಬ್ಯಾಡ್ರಿ. ಹುಡುಗಿ ಒಂದ ಹೂವಾ ಹೆಣದು ತೋರಿಸಿದ್ರ…”

ನಾಗವೇಣಿಯ ತಾಯಿ ಇನ್ನೂ ಖಾಲಿಯಾಗದ ಲೋಟಗಳನ್ನೇ ಎತ್ತತೊಡಗಿದರು. ಅಣ್ಣ ತನ್ನ ಕೈಗಳನ್ನು ನೋಡಿಕೊಳ್ಳುತ್ತ ಕೂತ. ಒಂದೇ ಕುಣಿಕೆಯ ಮೇಲೆ ಎಲ್ಲಾ ನಿಂತಿದೆ, ಅದೂ ಜಾರುತ್ತಿದೆ ಎಂದು ನನಗೆ ಕಂಡಿತು. ಏನು ಮಾಡಲೂ ತೋಚದೆ ಚೀಲದಿಂದ ನನ್ನ ತೋರಣ ತೆಗೆದು, “ನಾನೂ ಕಲ್ತೀನ್ರಿ,” ಎಂದು ನಾಗವೇಣಿಯ ಮುಂದಿಟ್ಟೆ.

ಆಕೆ ಅದನ್ನು ಎತ್ತಿ ಮುಂದೆ ನೋಡಲಿಲ್ಲ, ಹಿಂದೆ ತಿರುಗಿಸಿ ನೋಡಿದಳು. ಗಂಟುಗಳೆಲ್ಲ ಹಿಂದೆಯೇ ಇದ್ದವು.

“ನೀವ ಹೆಣದದ್ದಾ?”

“ಹೌದ್ರಿ.”

“ನಂಬೂದು ಹ್ಯಾಂಗ್ರಿ? ನಮ್ಮ ಓಣ್ಯಾಗ ಬಾಗಲಾ ಬಾಗಲಾ ನೋಡ್ಕೊಂತ ಅಡ್ಡಾಡಿದವ್ರು ನೀವ ಅಲ್ಲೇನು? ಯಾರ ಮನೀದು ಬಿಚ್ಕೊಂಡು ಬಂದೀರೋ ಯಾರಿಗ್ಗೊತ್ತು.” ಬುಟ್ಟಿಯಿಂದ ಕಡ್ಡಿ, ದಾರ ತೆಗೆದು ನನ್ನ ಮುಂದೆ ಚಾಚಿದಳು. “ತಗೋರಿ. ಒಂದ ಹೂವಾ ಹೆಣದು ತೋರಸ್ರಿ.”

“ಯಾಕವಾ, ನನ್ನ ಮಗನ ಮ್ಯಾಲ ಸಂಶೆ ಮಾಡ್ತೀ?” ಎಂದು ಅವ್ವ ಥಟ್ಟನೆ ಸಿಡಿದಳು. ಸಿಡಿದ ಮಾತು ತನ್ನ ಕಿವಿಗೇ ಬಿದ್ದಿರಬೇಕು; ಅರ್ಧಕ್ಕೆ ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. ಅಣ್ಣ ಮೊದಲು ಕೆಮ್ಮಿದ ಹಾಗೆ ಮಾಡಿ ಆಮೇಲೆ ನಕ್ಕೇಬಿಟ್ಟ.

ನಾನು ಹೆಣೆಯಲು ಕೂತೆ. ಎರಡೂ ಮನೆಯವರು ಸುತ್ತ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣಿಗೆ ಹೇಗಾಗುತ್ತದೆಂದು ನನಗಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಕಡ್ಡಿಯಿಂದ ದಾರ ಜಾರಿತು. ಸರಪಳಿ ಮತ್ತೆ ಹಳೆಯ ಹಾಗೆ ಬಿಗಿಯಾಯಿತು. ಆಡಿ ತೋರಿಸಲು ಯಾರ ದನಿಯೂ ನೆರವಿಗೆ ಬರಲಿಲ್ಲ. ಇತ್ತ ನಾಗವೇಣಿ ಬುಟ್ಟಿಯ ಇನ್ನೊಂದು ಕಡ್ಡಿ ತೆಗೆದುಕೊಂಡು, ತಂತಿ ಸುತ್ತುವಾಗ ಎಣಿಕೆ ತಪ್ಪಿದರೆ ಏನು ಮಾಡುತ್ತೀರೆಂದು ಅಣ್ಣನನ್ನು ಕೇಳುತ್ತಿದ್ದಳು. ಕಣ್ಣು ಅಣ್ಣನ ಕಡೆ, ಬೆರಳು ತನ್ನ ಪಾಡಿಗೆ ದಾರದ ಕಡೆ. ಅವ್ವ ಆ ಬೆರಳನ್ನೇ ನೋಡುತ್ತ ಕೂತಳು. ನಾನು ಒಂದು ಹೂವಿನ ಜೊತೆ ಹೆಣಗಿ ಮುಗಿಸುವಷ್ಟರಲ್ಲಿ ನಾಗವೇಣಿಯ ಮಡಿಲಲ್ಲಿ ಹೂಗಳು ತಾವಾಗಿಯೇ ಉದುರಿದ ಹಾಗೆ ಬಿದ್ದಿದ್ದವು. ಯಾರೂ ಅವನ್ನು ಎತ್ತಿ ಪರೀಕ್ಷೆ ಮಾಡಲಿಲ್ಲ.

ನನ್ನದನ್ನು ಎತ್ತಿದರು. ಗಾಬರಿಯಲ್ಲಿ ಲೆಕ್ಕವೆಲ್ಲ ಕಲಸಿಹೋಗಿ, ಐದು ಪಕಳೆ ಮುದುಡಿ ಆರನೆಯದೊಂದೇ ದುಂಡಗೆ ಉಬ್ಬಿ ಕೂತಿತ್ತು. ಟೀಚರಮ್ಮನಿಗೆ ಕೊನೆಗೂ ಬಸ್ಸು ಸಿಕ್ಕಿ, ಆರಾಮಾಗಿ ಕೂತರೆನ್ನುವ ಹಾಗೆ.

ನಾಗವೇಣಿ ಈಗ ನಮ್ಮ ಮನೆಯಲ್ಲಿದ್ದಾಳೆ. ಆಕೆಯ ತೋರಣ ತಲೆಬಾಗಿಲಿಗೆ, ನನ್ನದು ಅಣ್ಣನ ಅಂಗಡಿಯಲ್ಲಿ ಸುಟ್ಟ ಮೋಟಾರುಗಳನ್ನು ಇಡುವ ಮೂಲೆಗೆ. ಅಣ್ಣ ಊಟಕ್ಕೆ ಮುಂಚೆ ಒಂದೇ ಸಲ ಸೋಪು ಹಚ್ಚುತ್ತಾನೆ. ನಾನು ಊರಿನ ಎಲ್ಲರ ದನಿ ತೆಗೆಯುತ್ತೇನೆ, ಅತ್ತಿಗೆಯ ದನಿ ಮಾತ್ರ ತೆಗೆಯುವುದಿಲ್ಲ. ತೆಗೆಯಲು ಹೋದರೆ ನಾನು ಹೂವು ಹೆಣೆದ ದಿನ ಆಕೆ ಆಡಿದ ಮಾತೇ ಬಾಯಿಗೆ ಬರುತ್ತದೆ. ಅದರ ಮೊದಲ ಪದ ಕೇಳುತ್ತಲೇ ನಮ್ಮ ಅವ್ವ ಎಲ್ಲರ ಬಾಯಿ ಸಿಹಿ ಮಾಡಲು ಸಕ್ಕರೆ ತರಲು ಹೇಳಿದ್ದಳು. ನನ್ನ ಹೂವನ್ನು ಎರಡು ಬೆರಳಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಅವ್ವನ ಕೈಗೆ ಕೊಡುತ್ತ ಆಕೆ ಹೇಳಿದ್ದು ಇಷ್ಟೇ:

“ಅತ್ತೀ, ಇದು ಅವ್ರ ಕೈಲೇ ಹೆಣದದ್ದು ಖರೇ ಐತಿ ಬಿಡ್ರಿ. ಇಂಥಾದ್ದನ್ನ ಯಾರೂ ಕಡಾ ಕೊಡಂಗಿಲ್ಲ.”